ಬಡಿಸಿದವರ ಕೆಮ್ಮು

“ನಿಮ್ಮವ್ವನ ಉಗುಳು ಸಾರಿನಾಗ ಬೀಳಾಕತ್ತೈತಿ, ಮೊದ್ಲ ಅದನ್ನ ನೋಡ್ಕೊ. ಆಮ್ಯಾಲ ಊರ ಹುಡುಗೂರಿಗೆ ಬುದ್ಧಿ ಹೇಳುವಂತಿ. ಏಳನೇ ಕ್ಲಾಸಿಗೆ ಸಾಲಿ ಬಿಟ್ಟ ಹಿಟ್ಟಿನ ಚೀಲ, ಬಂದಾನ ಇಲ್ಲಿ ಭಾಷಣ ಮಾಡಾಕ!”

ಶಾಲಾ ಸಮಿತಿಯ ಅಧ್ಯಕ್ಷ ಸಂಗನಬಸಪ್ಪನವರು ಇದನ್ನು ಅಂದದ್ದು ಇನ್ನೂರು ಮಕ್ಕಳ ಎದುರಿಗೆ, ಬಿಸಿಯೂಟದ ಹೊತ್ತಿನಲ್ಲಿ. ಬಾಯಲ್ಲಿ ಅನ್ನ ಇಟ್ಟುಕೊಂಡೇ ಮಕ್ಕಳು ನಕ್ಕವು. ಸೇದಬೇಡಿ ಎಂದು ದೊಡ್ಡ ಹುಡುಗರಿಗೆ ಹೇಳಲು ನಾನು ಗಿರಣಿಯಿಂದ ನೇರ ಬಂದಿದ್ದೆ, ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು. ನನ್ನ ಅವ್ವ ಫಕ್ಕೀರವ್ವ ಎಂಟನೇ ಕ್ಲಾಸಿನ ಸಾಲಿನಲ್ಲಿ ಸೌಟು ಹಿಡಿದು ನಿಂತವಳು ಗೋಡೆಯ ಕಡೆ ತಿರುಗಿ, ಸೆರಗು ಬಾಯಿಗಿಟ್ಟು ಮೂರು ಸಲ ಕೆಮ್ಮಿದಳು. ಅಧ್ಯಕ್ಷರ ಬಿಳಿ ಅಂಗಿಯ ಜೇಬಿನಲ್ಲಿ ಸಿಗರೇಟಿನ ಪಾಕೀಟು ಎದ್ದು ಕಾಣುತ್ತಿತ್ತು. “ನಿಮ್ಮ ಮನ್ಯಾಗ ಯಾರು ಕೆಮ್ತಾರ್ರಿ, ಯಾಕ ಕೆಮ್ತಾರ್ರಿ? ಅದನ್ನೂ ಹೇಳ್ರಿ ಒಂದೀಟು!” ಎಂದು ನಾನು ಕಿರುಚಿದೆ. ಮಕ್ಕಳು ಇನ್ನೂ ಜೋರಾಗಿ ನಕ್ಕವು. ಅವ್ವ ಸೌಟು ಕೆಳಗಿಟ್ಟು ನನ್ನ ತೋಳು ಹಿಡಿದು ಗೇಟಿನವರೆಗೆ ಎಳೆದುಕೊಂಡು ಬಂದಳು. “ಸುಮ್ನಿರೋ ಯಪ್ಪಾ, ನಿನ್ನ ಸಿಟ್ಟಿಂದ ನನ್ನ ಕೆಲಸ ಹೊಕ್ಕೈತಿ” ಅಂದಳು. ಅವಳ ಮಾತು ಖರೆಯೇ ಆಗಿತ್ತು. ದಸರಾ ಸೂಟಿ ಬಿಡುವುದರೊಳಗೆ ಕೆಮ್ಮು ನಿಲ್ಲದಿದ್ದರೆ ಅಡುಗೆಗೆ ಬೇರೆ ಹೆಣ್ಣುಮಗಳನ್ನು ಹುಡುಕುತ್ತೇವೆ ಎಂದು ಅಧ್ಯಕ್ಷರು ಹೆಡ್‌ಮಾಸ್ತರರಿಗೆ ಆ ಹೊತ್ತೇ ಹೇಳಿ ಹೋದರು.

ನಮ್ಮ ಊರಲ್ಲಿ ಬೀಡಿ ಸಿಗರೇಟು ಸೇದಿದವರು ಕೆಮ್ಮುವುದಿಲ್ಲ. ಅವರಿಗೆ ಹಿಂದಿನ ಊಟ ಯಾರು ಬಡಿಸಿದರೋ ಅವರು ಕೆಮ್ಮುತ್ತಾರೆ. ಮುಂದಿನ ಊಟವನ್ನು ಬೇರೆ ಯಾರಾದರೂ ಬಡಿಸುವವರೆಗೆ ಆ ಕೆಮ್ಮು ಅವರದೇ. ಇವರು ಅಲ್ಲಿ ದಮ್ಮು ಎಳೆದರೆ ಅವರು ಇಲ್ಲಿ ಕೆಮ್ಮಬೇಕು. ಅದಕ್ಕೇ ನಮ್ಮಲ್ಲಿ ರಸ್ತೆಯ ಮೇಲೆ ಯಾರಾದರೂ ಕೆಮ್ಮಿದರೆ ಆರಾಮ ಇಲ್ಲೇನು ಎಂದು ಕೇಳುವುದಿಲ್ಲ, ಯಾರಿಗೆ ಬಡಿಸಿದ್ದೀ ಎನ್ನುವುದಕ್ಕೆ “ಯಾರಿಗೆ ನೀಡೀಯಬೇ?” ಎಂದು ಕೇಳುತ್ತಾರೆ. ಬಸ್‌ ಸ್ಟ್ಯಾಂಡಿನ ಖಾನಾವಳಿಯಲ್ಲಿ ಬಡಿಸುವ ಕೆಲಸಕ್ಕೆ ಎರಡು ತಿಂಗಳ ಮೇಲೆ ಯಾರೂ ನಿಲ್ಲುವುದಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯ ಅಜ್ಜಿ ಹುಡುಗನ ತುಟಿಯ ಬಣ್ಣ ನೋಡುತ್ತಾಳೆ. ಗಂಡನ ಮೇಲೆ ಸಿಟ್ಟು ಬಂದ ಸೊಸೆ ಬೈಯುವುದಿಲ್ಲ, ತಾಟಿನ ಪಕ್ಕ ಸೌಟು ಇಟ್ಟು ಎದ್ದು ಹೋಗುತ್ತಾಳೆ. ಅಷ್ಟಾದರೆ ಓಣಿಯ ನಾಲ್ಕು ಮನೆಯವರು ಬಂದು ರಾಜಿ ಮಾಡಿಸಬೇಕಾಗುತ್ತದೆ. ತಾವೇ ಬಡಿಸಿಕೊಂಡು ಉಂಡು, ಸೇದಿ, ತಾವೇ ಕೆಮ್ಮುವ ಗಂಡಸರೂ ಇದ್ದಾರೆ, ಇಲ್ಲವೆಂದಲ್ಲ. ನಾನು ಕಂಡವರು ಇಬ್ಬರು.

ನನ್ನ ಅವ್ವ ದಿನಾ ಇನ್ನೂರು ತಾಟಿಗೆ ಬಡಿಸುತ್ತಿದ್ದಳು. ದೊಡ್ಡ ಹುಡುಗರಲ್ಲಿ ಸೇದುವವರೆಲ್ಲ ಮಧ್ಯಾಹ್ನವೇ ಸೇದುತ್ತಿದ್ದರು. ರಾತ್ರಿ ಸೇದಿದರೆ ಮನೆಯಲ್ಲಿ ಹಡೆದವ್ವ ಕೆಮ್ಮುತ್ತಾಳೆ, ಅಪ್ಪನ ಕೈಗೆ ಸಿಕ್ಕಿಬೀಳುತ್ತಾರೆ. ಶಾಲೆಯ ಊಟದ ಮೇಲೆ ಸೇದಿದರೆ ಕೆಮ್ಮುವವಳು ಫಕ್ಕೀರವ್ವ, ಯಾರದು ಎಂದು ಯಾರು ಹೇಳಬೇಕು? ಎರಡು ಗಂಟೆಗೆ, ಮೊದಲು ಉಂಡವರು ಎದ್ದು ಹೋದೊಡನೆ, ಆಕೆ ಕಡೆಯ ಸಾಲಿಗೆ ಬಡಿಸುತ್ತಿರುವಾಗಲೇ ಶುರುವಾದದ್ದು ರಾತ್ರಿ ಎಲ್ಲ ಮನೆಗಳಲ್ಲಿ ಊಟ ಆದಮೇಲೆ ನಿಲ್ಲುತ್ತಿತ್ತು. ಪಕ್ಕೆನೋವು ಆಗಲೂ ನಿಲ್ಲುತ್ತಿರಲಿಲ್ಲ. ಮಲಗಲಾರದೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಭಾನುವಾರ ಒಂದು ದಿನ ಅವಳ ಧ್ವನಿ ಕೇಳಲಿಕ್ಕೆ ಚೆಂದ ಇರುತ್ತಿತ್ತು.

ಆ ಸಂಜೆ ನಾನು ಬಿಡಿ ಸಿಗರೇಟು ಮಾರುವ ಅಂಗಡಿಗೆ ಕಲ್ಲು ಎತ್ತಿಕೊಂಡು ಹೋದೆ. ದಾವಲ್ ನನ್ನ ಕೈ ಹಿಡಿದ. ದಾವಲ್ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೆಲಸ ಮಾಡುವವನು, ನನ್ನ ಜೊತೆಯವನು. “ಕಲ್ಲ ಒಗದ್ರ ಗಾಜು ಒಡಿತೈತಿ. ಕೆಮ್ಮು ನಿಲ್ತೈತೇನಲೇ?” ಅಂದ. ಅಲ್ಲಿಗೆ ಬಂದವಳು ಹುಲಿಗೆಮ್ಮ. ನಮ್ಮ ಓಣಿಯವಳೇ, ಕಾಲೇಜಿಗೆ ಹೋಗುತ್ತಾಳೆ, ಮಾತು ಕಡಿಮೆ. “ಇನ್ನೂರು ಮಂದಿಯೊಳಗ ಸೇದೋರ್ಯಾರು ಅಂತ ಗೊತ್ತಾದ್ರ ಏನರ ಮಾಡಬಹುದು” ಅಂದಳು. ನನಗೆ ಗಿರಣಿ ನೆನಪಾಯಿತು. ಹಿಟ್ಟಿನಲ್ಲಿ ಕಲ್ಲಿನ ಪುಡಿ ಬಂತು ಎಂದು ಜನ ಜಗಳಕ್ಕೆ ಬಂದಾಗ ನಾವು ಚೀಲಗಳನ್ನು ಎರಡು ಪಾಲು ಮಾಡಿ ಬೇರೆ ಬೇರೆ ಬೀಸುತ್ತೇವೆ. ಕಲ್ಲು ಬಂದ ಪಾಲನ್ನು ಮತ್ತೆ ಎರಡು ಮಾಡುತ್ತೇವೆ. ಕಡೆಗೆ ಒಂದೇ ಚೀಲ ಉಳಿಯುತ್ತದೆ. “ಅವ್ವ ಒಬ್ಬಾಕಿನ ಎಲ್ಲಾರಿಗೂ ಯಾಕ ನೀಡಬೇಕು? ನಾವು ನೀಡೂಣು. ಒಬ್ಬೊಬ್ಬರು ಒಂದೊಂದು ಸಾಲು” ಅಂದೆ. ಹುಲಿಗೆಮ್ಮ ನನ್ನನ್ನು ಹೊಸದಾಗಿ ನೋಡಿದವಳ ಹಾಗೆ ನೋಡಿ, ಒಂದು ಮಾತು ಸೇರಿಸಿದಳು. “ಸಿಕ್ಕವರ ಹೆಸರು ಹೊರಗ ಹೇಳಬಾರ್ದು. ಒಂದ ಹೆಸರು ಹೊರಗ ಬಿತ್ತಂದ್ರ ಮರುದಿನ ಎಲ್ಲಾರೂ ಮನಿಂದ ಬುತ್ತಿ ತರ್ತಾರ. ಕೆಮ್ಮು ಫಕ್ಕೀರವ್ವನ ಬಿಟ್ಟು ಅವರವರ ಅವ್ವಗಳ ಎದಿಗೆ ಹೊಕ್ಕೈತಿ, ಅಷ್ಟ.”

ಒಂಬತ್ತು ಮಂದಿ ಆದೆವು. ಗಿರಣಿ, ಗ್ಯಾರೇಜು, ಟೇಲರ್ ಅಂಗಡಿ, ಕಾಲೇಜು, ಎಲ್ಲ ಕಡೆಯವರೂ ಇದ್ದೆವು, ಇಪ್ಪತ್ತೆರಡು ದಾಟಿದವರು ಯಾರೂ ಇರಲಿಲ್ಲ. ಹೆಡ್‌ಮಾಸ್ತರರು ನಾವು ಅಪ್ಪಣೆ ಕೇಳಲು ಹೋದಾಗ ಅಧ್ಯಕ್ಷರ ಹೆಸರು ಬಂದೊಡನೆ ಕನ್ನಡಕ ತೆಗೆದು ಒರೆಸಿದರು. ಆಮೇಲೆ “ಬಡಿಸಾಕ ಕೈ ಬೇಕಾಗ್ಯಾವಂತ ನಾ ಹೇಳ್ತೀನಿ. ನೀವು ಕೈ ತೊಳ್ಕೊಂಡು ಬರ್ರಿ. ಯಮನೂರಾ, ನೀ ಮಾರೀನೂ ತೊಳ್ಕೊಂಡು ಬಾರಪಾ” ಎಂದು ನನ್ನ ಹುಬ್ಬಿನ ಹಿಟ್ಟು ನೋಡಿ ಹೇಳಿದರು. ದೊಡ್ಡ ಹುಡುಗರದು ಎಂಟು ಸಾಲು. ಎಂಟು ಮಂದಿ ಒಂದೊಂದು ಸಾಲು ಹಿಡಿದೆವು, ಒಂಬತ್ತನೆಯವನಿಗೆ ಸಣ್ಣವರು. ಹುಡುಗಿಯರ ಸಾಲು ಅವ್ವನಿಗೇ ಇರಲಿ, ಅಲ್ಲಾದರೂ ಆಕೆಗೆ ಆರಾಮ ಸಿಗಲಿ ಎಂದುಕೊಂಡೆವು.

ಮೊದಲ ದಿನ ಎರಡರಿಂದ ಐದರವರೆಗೆ ಊರೆಲ್ಲ ಕೆಮ್ಮು. ದಾವಲ್ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದವನು ಕೆಮ್ಮು ಬಂದು ಕಬ್ಬಿಣಕ್ಕೆ ಹಣೆ ಬಡಿದುಕೊಂಡ. ಟೇಲರ್ ಹುಡುಗನ ಹೊಲಿಗೆ ಸೊಟ್ಟಗಾಗಿ ಯಾರದೋ ಕುಬಸದ ತೋಳು ಕುತ್ತಿಗೆಗೆ ಹೋಯಿತು. ನಾನು ಕೆಮ್ಮಿದ ಹೊಡೆತಕ್ಕೆ ಬುಟ್ಟಿಯ ಹಿಟ್ಟು ಎದ್ದು, ಸಾಲಿನಲ್ಲಿ ನಿಂತಿದ್ದ ಮುದುಕಿಯೊಬ್ಬಳು ಬೆಳ್ಳಗಾದಳು. “ಯಾರಿಗೆ ನೀಡಿದೆಪಾ, ರಾಕ್ಷಸರಿಗೆ ನೀಡೀಯೇನು?” ಎಂದು ಬೈದಳು. ಅದೆಲ್ಲ ನಮ್ಮ ಅವ್ವ ಇಷ್ಟು ದಿನ ಒಬ್ಬಳೇ ಕೆಮ್ಮಿದ್ದು. ಮರುದಿನ ಸಾಲುಗಳನ್ನು ಅರ್ಧ ಮಾಡಿ ಬಡಿಸಿದೆವು. ಅದರ ಮರುದಿನ ಅರ್ಧದಲ್ಲಿ ಅರ್ಧ. ಹತ್ತು ದಿನಕ್ಕೆ ಹದಿನೆಂಟು ಹುಡುಗರು ಸಿಕ್ಕರು.

ಸಿಕ್ಕವರಿಗೆ ನಾವು ಬುದ್ಧಿ ಹೇಳಲಿಲ್ಲ. ಹೇಳಲು ನಮಗೆ ಬರುತ್ತಲೂ ಇರಲಿಲ್ಲ. ದಾವಲ್ ತನ್ನ ಪಾಲಿಗೆ ಬಂದ ಮೈಲಾರಿ ಎಂಬ ಹುಡುಗನನ್ನು ಗ್ಯಾರೇಜಿನ ಹಿಂದೆ ಕರೆದು ಟೈರಿನ ಮೇಲೆ ಕೂಡಿಸಿದ. “ಸೇದು” ಅಂದ. “ಅಣ್ಣಾ, ನಾ ಸೇದಂಗಿಲ್ಲ” ಎಂದ ಹುಡುಗ. “ಸೇದಂಗಿಲ್ಲಂದ್ರ ನಾ ಯಾಕ ಟ್ರ್ಯಾಕ್ಟರಿಗೆ ಹಣಿ ಬಡ್ಕೊಂಡ್ನಿ? ಸೇದೋ, ಹೊಡಿಯಂಗಿಲ್ಲ. ನಾ ಇಲ್ಲೇ ಎದುರಿಗೆ ಕುಂದರ್ತೀನಿ, ಅಷ್ಟ.” ಮೈಲಾರಿ ಹಚ್ಚಿದ. ಒಂದು ದಮ್ಮು ಎಳೆದ, ದಾವಲ್ ಕೆಮ್ಮಿದ. ಎರಡನೆಯದಕ್ಕೆ ದಾವಲನ ಕುತ್ತಿಗೆಯ ನರ ಉಬ್ಬಿದವು. ಮೂರನೆಯದಕ್ಕೆ ಕಣ್ಣಲ್ಲಿ ನೀರು ಬಂತು, ಆದರೂ ಅವನು ಕೈ ಮಾಡಿ “ಎಳಿ, ಎಳಿ, ಇನ್ನೂ ಐತಿ” ಅಂದ. ಹುಡುಗ ಸಿಗರೇಟು ಮಣ್ಣಿಗೆ ತುರುಕಿ ಓಡಿಹೋದ. ಮರುದಿನ ಊಟಕ್ಕೆ ತಾಟು ಹಿಡಿದು ಬಂದಾಗ ದಾವಲನ ಮುಖ ನೋಡಲಿಲ್ಲ. ಆದರೆ ಆ ಮಧ್ಯಾಹ್ನ ದಾವಲ್ ಕೆಮ್ಮಲಿಲ್ಲ. ಎಲ್ಲರೂ ಅಷ್ಟು ಸಲೀಸಾಗಿ ಬಿಡಲಿಲ್ಲ. ಒಬ್ಬ ನನ್ನ ಎದುರಿಗೆ ಕೂತು ಆರು ದಿನ ನಗುನಗುತ್ತ ಸೇದಿದ, ಏಳನೇ ದಿನ “ಅಣ್ಣಾ, ನಿನಗ ಹೇಸಿಕಿ ಬರೂದಿಲ್ಲೇನು?” ಎಂದು ಅವನೇ ಅಳುಮುಖ ಮಾಡಿದ. ಇನ್ನೂ ಸೇದಲು ಕಲಿಯದ ಆರನೇ, ಏಳನೇ ಕ್ಲಾಸಿನವರು ನಾವು ಕೆಮ್ಮುವುದನ್ನೆಲ್ಲ ನೋಡುತ್ತಿದ್ದರು. ಆ ವರ್ಷ ಅವರಲ್ಲಿ ಒಬ್ಬನೂ ಹೊಸದಾಗಿ ಶುರು ಮಾಡಲಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಅದು.

ಹುಡುಗರ ಸಾಲುಗಳು ಶಾಂತವಾದವು. ಅವ್ವನ ಕೆಮ್ಮು ಮಾತ್ರ ಪೂರ್ತಿ ನಿಲ್ಲಲಿಲ್ಲ. ಮೊದಲಿನಂತೆ ದಿನವಿಡೀ ಅಲ್ಲ, ಶಾಲೆ ಬಿಟ್ಟ ಮೇಲೆ ನಾಲ್ಕೂವರೆಗೆ ಒಂದು ಸಲ, ಆರರ ಹೊತ್ತಿಗೆ ಒಂದು ಸಲ. ಇದು ಆಕೆಯ ಸ್ವಂತ ರೋಗವೇ ಇರಬೇಕು ಎಂದು ನಾನು ಹೆದರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಗೆ ಕೊಳವೆ ಹಚ್ಚಿ ನೋಡಿ, “ಊಟಕ್ಕ ನೀಡೋ ಕೆಲಸ ಏನಮ್ಮಾ?” ಎಂದು ಕೇಳಿ ಚೀಟಿ ಬರೆಯದೆ ಕಳಿಸಿದರು. ಹುಲಿಗೆಮ್ಮ ಹೇಳಿದಳು, “ನಾಳಿಂದ ಹುಡುಗ್ಯಾರ ಸಾಲಿಗೆ ನೀ ನೀಡು.” ದಾವಲ್ ನಕ್ಕುಬಿಟ್ಟ. “ಹುಡುಗ್ಯಾರು ಸೇದ್ತಾರೇನಬೇ?” “ಯಾಕ, ಹುಡುಗ್ಯಾರಿಗೆ ಬಾಯಿ ಇಲ್ಲೇನು?” ಅಂದಳು ಹುಲಿಗೆಮ್ಮ. ನಮಗೆ ಇಬ್ಬರಿಗೂ ನಾಚಿಕೆಯಾಯಿತು. ಇಷ್ಟು ದಿನ ನಾವು ಮಾಡಿದ ಯಾವ ಪಟ್ಟಿಯಲ್ಲೂ ಒಬ್ಬ ಹುಡುಗಿಯ ಹೆಸರಿರಲಿಲ್ಲ.

ಹುಡುಗಿಯರಿಗೆ ಬಡಿಸಿದ ಮೊದಲ ದಿನ ನಾಲ್ಕೂವರೆಗೆ ಸರಿಯಾಗಿ ನಾನು ಗಿರಣಿಯಲ್ಲಿ ಕೆಮ್ಮಿದೆ. ಅವತ್ತು ಅವ್ವ ಕೆಮ್ಮಲಿಲ್ಲ. ಸಂಜೆ ರೊಟ್ಟಿ ಬಡಿಯುತ್ತ ಏನೋ ಹಾಡು ಗುನುಗಿದಳು. ಅರ್ಧ ಮಾಡುತ್ತ ಹೋದೆವು. ಐದನೇ ದಿನಕ್ಕೆ ಒಂದೇ ತಾಟು ಉಳಿಯಿತು. ಅದು ಹತ್ತನೇ ಕ್ಲಾಸಿನ ನೀಲಾಂಬಿಕಾಳದು, ಅಧ್ಯಕ್ಷ ಸಂಗನಬಸಪ್ಪನವರ ಮಗಳದು.

ನನಗೆ ಆಗ ಆದದ್ದು ಸಂತೋಷ. ಮುಚ್ಚಿಟ್ಟು ಏನು ಮಾಡಲಿ? ಇನ್ನೂರು ಮಕ್ಕಳ ನಗು ಇನ್ನೂ ನನ್ನ ಕಿವಿಯಲ್ಲಿತ್ತು. ಅವರ ಮನೆಯ ಕಟ್ಟೆಯ ಮುಂದೆ ನಿಂತು ಓಣಿಗೆಲ್ಲ ಕೇಳುವ ಹಾಗೆ ಏನೇನು ಹೇಳಬಹುದು ಎಂದು ರಾತ್ರಿ ಹಾಸಿಗೆಯಲ್ಲಿ ಹತ್ತು ಸಲ ಹೇಳಿಕೊಂಡೆ. ಮರುದಿನ ಸಂಜೆ ಶಾಲೆ ಬಿಟ್ಟಾಗ ಅವಳು ಹೋದ ಕಡೆ ನೋಡಿಕೊಂಡು ಶಾಲೆಯ ಹಿಂದಿನ ಹಳೇ ನೀರಿನ ಟಾಕಿಯ ಹತ್ತಿರ ಹೋದೆ. ಅವಳು ಪಾಟಿಚೀಲ ಬೆನ್ನಿಗೆ ದಿಂಬಿನ ಹಾಗೆ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. “ನೀವು ನೀಡಾಕ ಬಂದ ದಿನಾನ ತಿಳದಿತ್ತು” ಅಂದಳು. “ಅಪ್ಪಗ ಹೇಳ್ತೀಯೇನಣ್ಣಾ?”

“ನಮ್ಮವ್ವ ಎರಡು ವರ್ಷ ಗ್ವಾಡಿಗೆ ಒರಗಿ ನಿದ್ದಿ ಮಾಡ್ಯಾಳ” ಅಂದೆ. “ನಿನಗ ಗೊತ್ತಿರಲಿಲ್ಲೇನು?”

“ಗೊತ್ತಿತ್ತು. ಇನ್ನೂರು ಮಂದಿಗೆ ನೀಡ್ತಾಳ, ಅದರಾಗ ನಂದೊಂದು ಏನ್ ಮಹಾ ಅಂತ ಅನ್ಕೊಂಡಿದ್ನಿ.” ಅವಳು ಸುಳ್ಳು ಹೇಳಲಿಲ್ಲ. ಅದಕ್ಕೇ ನನ್ನ ಸಿಟ್ಟು ಇನ್ನೂ ಏರಿತು. ಯಾಕೆ ಶುರು ಮಾಡಿದೆ ಎಂದು ಕೇಳಿದೆ. ಅವಳು ಹೇಳಿದಳು. “ಅಪ್ಪ ಸೇದ್ತಾನ. ಅವ್ವ ಒಳಗ ಕೆಮ್ತಾಳ. ಆತ ಟಿವಿ ದನಿ ಏರಸ್ತಾನ. ಆಕಿ ಅಷ್ಟು ಕೆಮ್ಮಿದ್ರೂ ಬಿಡಾಕ ಆಗದಂಥಾದ್ದು ಅದರಾಗ ಏನೈತಿ ಅಂತ ನೋಡಾಕ ಆತನ ಕಿಸೇದಾಗಿಂದ ಒಂದು ತಗೊಂಡ್ನಿ. ಏನೂ ಇರಲಿಲ್ಲ. ಆದ್ರ ಆಮ್ಯಾಲ ನನಗೂ ಬಿಡಾಕ ಆಗಲಿಲ್ಲ.” ರಾತ್ರಿ ತಾನೇ ಬಡಿಸಿಕೊಂಡು ಉಣ್ಣುತ್ತಾಳಂತೆ, ಅವ್ವನಿಗೆ ಇನ್ನೊಂದು ಹೊರೆ ಬೇಡ ಎಂದು. “ಅಪ್ಪಗ ಗೊತ್ತಾದ್ರ ಸಾಲಿ ಬಿಡಸ್ತಾನ. ನಮ್ಮಕ್ಕ ಯಾರಿಗೋ ಚೀಟಿ ಬರದ್ಲು ಅಂತ ಒಂಬತ್ತಕ್ಕ ಬಿಡಿಸಿ ಎರಡ ತಿಂಗಳದಾಗ ಮದುವಿ ಮಾಡಿದ. ನೀವು ಹೇಳೂದಿದ್ರ ಪರೀಕ್ಷಿ ಆದಮ್ಯಾಲ ಹೇಳ್ರಿ.”

ನಾನು ಶಾಲೆ ಬಿಟ್ಟದ್ದು ಯಾರ ಜುಲುಮೆಯಿಂದಲೂ ಅಲ್ಲ. ಅಪ್ಪ ಸತ್ತ ವರ್ಷ ಗಿರಣಿಯವರು ಒಬ್ಬ ಆಳು ಬೇಕು ಅಂದರು, ನಾನು ಹೋದೆ. ಆಮೇಲೆ ಆರು ವರ್ಷ ಗಿರಣಿಗೆ ಹೋಗಲು ನಾನು ಹಿಡಿದದ್ದು ಕೆರೆಯ ಕಡೆಯ ಸುತ್ತು ದಾರಿ. ನೇರ ದಾರಿಯಲ್ಲಿ ಶಾಲೆಯ ಗಂಟೆ ಕೇಳುತ್ತದೆ. ಇದನ್ನು ನಾನು ಅವಳಿಗೆ ಹೇಳಲಿಲ್ಲ. “ಸೇದು” ಅಂದೆ. ಅವಳು ಚೀಲದಿಂದ ತೆಗೆದು ಹಚ್ಚಿದಳು. ನಾನು ಕೆಮ್ಮಿದೆ. ಅವಳು ನನ್ನನ್ನೇ ನೋಡುತ್ತ ಎಳೆದಳು, ಕಣ್ಣು ತಪ್ಪಿಸಲಿಲ್ಲ, ಅಳಲೂ ಇಲ್ಲ. ಅರ್ಧಕ್ಕೆ ನಾನು ಟಾಕಿಯ ಗೋಡೆ ಹಿಡಿದು ಬಗ್ಗಿದ್ದೆ. “ಫಕ್ಕೀರವ್ವನೂ ಹಿಂಗ ಬಗ್ತಾಳೇನು?” ಎಂದು ಕೇಳಿದಳು. “ಆಕಿ ಕೈಯಾಗ ಸಾರಿನ ಬಕೀಟು ಇರ್ತೈತಿ, ಬಗ್ಗಾಕ ಬರೂದಿಲ್ಲ” ಅಂದೆ. ಆಗ ಅವಳು ಸಿಗರೇಟನ್ನು ಗೋಡೆಗೆ ಒತ್ತಿ ಆರಿಸಿದಳು. ಅವಳು ಒಮ್ಮೆಗೇ ಬಿಡಲಿಲ್ಲ. ದಿನಕ್ಕೆ ಎರಡಿದ್ದದ್ದು ಒಂದಾಯಿತು. ಒಮ್ಮೊಮ್ಮೆ ಜೋಳದ ಡಬ್ಬಿ ಹಿಡಿದುಕೊಂಡು ಗಿರಣಿಗೆ ಬಂದು, ಬೀಸಿಸಿಕೊಂಡು ಹೋಗುವಾಗ “ಇವತ್ತು ಬರಲಿಲ್ಲ ಹೌದಿಲ್ಲೋ?” ಎಂದು ಕೇಳುತ್ತಿದ್ದಳು. “ಇಲ್ಲ” ಎನ್ನುತ್ತಿದ್ದೆ. ಹೆಸರು ಹುಲಿಗೆಮ್ಮನಿಗೂ ದಾವಲನಿಗೂ ಗೊತ್ತಿತ್ತು, ಬೇರೆ ಯಾರಿಗೂ ಇಲ್ಲ. ಆಮೇಲೆ ಹನ್ನೊಂದು ದಿನ ನಾನು ಒಂದು ಸಲವೂ ಕೆಮ್ಮಲಿಲ್ಲ.

ಸೂಟಿಗೆ ಮೊದಲಿನ ಶುಕ್ರವಾರ, ಊಟ ಆದಮೇಲೆ ಶಾಲೆಯ ಅಂಗಳದಲ್ಲಿ ಸಮಿತಿಯ ಸಭೆ. ಮಕ್ಕಳನ್ನೆಲ್ಲ ಸಾಲಾಗಿ ಕೂಡಿಸಿದ್ದರು. ಪಾಲಕರು ನಲವತ್ತು ಐವತ್ತು ಮಂದಿ ಬಂದಿದ್ದರು. ಹೆಡ್‌ಮಾಸ್ತರರು ಎದ್ದು, ಫಕ್ಕೀರವ್ವ ಮೂರು ವಾರದಿಂದ ಕೆಮ್ಮಿಲ್ಲ, ದೊಡ್ಡ ಹುಡುಗರಲ್ಲಿ ಸೇದುವವರು ಬಿಟ್ಟಿದ್ದಾರೆ, ಇದನ್ನು ಮಾಡಿದವರು ನಮ್ಮೂರಿನ ಹುಡುಗರೇ ಎಂದು ಓದಿದರು. ಜನ ಚಪ್ಪಾಳೆ ಹೊಡೆದರು. ಸಂಗನಬಸಪ್ಪನವರು ಹೊಡೆಯಲಿಲ್ಲ, ಆದರೆ “ಆತು, ಆಕಿನ ಇರಲಿ” ಎಂದು ಕಾಗದದ ಮೇಲೆ ಸಹಿ ಹಾಕಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು. ಸಹಿಯ ಮಸಿ ಇನ್ನೂ ಆರಿರಲಿಲ್ಲ, ನನಗೆ ಕೆಮ್ಮು ಬಂತು.

ತಡೆದೆ. ತಡೆದದ್ದು ಎರಡರಷ್ಟಾಗಿ ಬಂತು. ಅಂಗಳವೆಲ್ಲ ತಿರುಗಿ ನೋಡಿತು. ಆ ದಿನವೇ ಯಾಕೆ ಎಂದು ನಾನು ಅವಳನ್ನು ಇವತ್ತಿಗೂ ಕೇಳಿಲ್ಲ. ಹುಡುಗಿಯರ ಸಾಲಿನಲ್ಲಿ ಒಂದು ಜಾಗ ಖಾಲಿ ಇದ್ದದ್ದು ಸಭೆಗೆ ಕೂಡುವಾಗಲೇ ನನ್ನ ಕಣ್ಣಿಗೆ ಬಿದ್ದಿತ್ತು. ಈಗ ನಾನು ಆ ಕಡೆ ನೋಡಲಿಲ್ಲ. ನಾನು ನೋಡಿದರೆ ಅವರೂ ನೋಡುತ್ತಾರೆ.

ಸಂಗನಬಸಪ್ಪನವರು ಎದ್ದು ನಿಂತರು. ಅವರ ಮುಖಕ್ಕೆ ಕಳೆ ಬಂದಿತ್ತು. “ಯಾರಿಗೆ ನೀಡೀಯೋ ಇವತ್ತ?” ಅಂದರು. ನಾನು ಮತ್ತೆ ಕೆಮ್ಮಿದೆ. “ಎಲ್ಲಾರೂ ಬಿಟ್ಟಾರಂತ ಈಗರ ಓದಿದ್ರಿ ಮಾಸ್ತರ, ಇದೇನಿದು? ನಮಗ ಸುಳ್ಳು ಹೇಳಿ ಚಪ್ಪಾಳಿ ಹೊಡಸ್ಕೊಂಡ್ರೇನು? ಹೇಳಲೇ, ಯಾರವ? ನಿನ್ನ ಜೋಡಿ ಗಿರಣ್ಯಾಗ ಬಿದ್ದಿರೋ ಉಡಾಳ ಇರಬೇಕು, ಅದಕ್ಕ ಬಾಯಿ ಬಿಡವಲ್ಲಿ.” ಪಾಲಕರಲ್ಲಿ ಯಾರೋ “ಹೆಸರು ಹೇಳಪಾ ತಮ್ಮಾ, ಮುಚ್ಚಿಡಬಾರ್ದು” ಅಂದರು. ಹೆಡ್‌ಮಾಸ್ತರರಿಗೆ ನಾನು ಯಾವ ಸಾಲಿಗೆ ಬಡಿಸುತ್ತೇನೆಂದು ಗೊತ್ತಿತ್ತು. ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಅಧ್ಯಕ್ಷರು ಬಿಡಲಿಲ್ಲ. “ಹೆಸರು ಹೇಳು, ಇಲ್ಲಂದ್ರ ನಾಳಿಂದ ನೀ ಈ ಗೇಟಿನ ಒಳಗ ಕಾಲಿಡಂಗಿಲ್ಲ. ಸಾಲಿ ಬಿಟ್ಟವಗ ಸಾಲ್ಯಾಗ ಏನ್ ಕೆಲಸ?”

ಹಾಸಿಗೆಯಲ್ಲಿ ಹತ್ತು ಸಲ ಹೇಳಿಕೊಂಡಿದ್ದ ಮಾತು ಒಂದಕ್ಷರ ಮರೆಯದೆ ನಾಲಿಗೆಯ ತುದಿಗೆ ಬಂದು ನಿಂತಿತು. ಇಡೀ ಊರು ಕಿವಿ ತೆರೆದು ಕೂತಿತ್ತು. ಐದನೇ ಸಲ ಕೆಮ್ಮಿದೆ. ಆರನೆಯದಕ್ಕೆ ಎದೆ ಹಿಡಿದುಕೊಂಡು ಕಾದೆ. ಒಂದು ಪೂರಾ ಸಿಗರೇಟಿಗೆ ಅವಳದು ಹದಿಮೂರು ಕೆಮ್ಮು, ನನಗೆ ಬಾಯಿಪಾಠ. ಆರನೆಯದು ಬರಲಿಲ್ಲ. ಇನ್ನೂ ಕಾದೆ. ಬರಲಿಲ್ಲ. ಟಾಕಿಯ ಗೋಡೆಗೆ ಅವಳು ಅದನ್ನು ಒತ್ತಿ ಆರಿಸಿದ್ದಾಳೆ ಎಂದು ನನಗೆ ಎದುರಿಗೇ ನೋಡಿದಷ್ಟು ಖಚಿತವಾಯಿತು.

ಹುಲಿಗೆಮ್ಮ ಎದ್ದು ಬಂದು, ನಾನು ಹುಡುಗಿಯರ ಸಾಲಿಗೆ ಬಡಿಸುತ್ತಿದ್ದ ಬಕೀಟನ್ನು ನನ್ನ ಕಾಲ ಬಳಿಯಿಂದ ಎತ್ತಿ ತನ್ನ ಪಕ್ಕ ಇಟ್ಟುಕೊಂಡಳು. ನಾಳೆಯಿಂದ ಅವಳು ಬಡಿಸುತ್ತಾಳೆ. ಅವ್ವ ಬಾಗಿಲಲ್ಲಿ ಹಾಗೇ ನಿಂತಿದ್ದಳು, ಆಕೆಯ ಕಣ್ಣಲ್ಲಿ ಅದೇ ಪ್ರಶ್ನೆ ಇತ್ತು. ಆಕೆಗೂ ಹೇಳುವಂತಿರಲಿಲ್ಲ. “ಕಿವಿ ಕೇಳಸವಲ್ತೇನಲೇ? ಯಾರಿಗೆ ನೀಡಿದಿ?” ಎಂದು ಸಂಗನಬಸಪ್ಪನವರು ಮೂರನೇ ಸಲ ಕೂಗಿದರು. ನಾನು ಮಕ್ಕಳ ಸಾಲುಗಳ ನಡುವೆ, ಯಾರ ಕೈಕಾಲೂ ತುಳಿಯದ ಹಾಗೆ ನೋಡಿಕೊಳ್ಳುತ್ತ, ಗೇಟಿನ ಕಡೆ ನಡೆದೆ.